ಡಬ್ಬಿಯ ಮೇಲಿನ ಹನ್ನೆರಡು

ಹೊಳಲ್ಕೆರೆಯಂಥ ತಾಲ್ಲೂಕು ಕೇಂದ್ರದಲ್ಲಿ ಗೇಮ್ ಆಡಲು ಎಲ್ಲಕ್ಕಿಂತ ಯೋಗ್ಯವಾದ ಕಂಪ್ಯೂಟರ್ ಯಾರ ಬಳಿ ಇರುತ್ತದೆ ಎಂದು ಕೇಳಿದರೆ, ಹುಡುಗರು ಫೋಟೊ ಸ್ಟುಡಿಯೊ ಕಡೆ ಕೈ ತೋರಿಸುತ್ತಾರೆ. ಮದುವೆ ವಿಡಿಯೊ ಮಿಕ್ಸಿಂಗ್‌ಗೆ, ಆಲ್ಬಂ ಡಿಸೈನಿಗೆ ಬೇಕೆಂದು ಊರಿನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿರುವವರು ಸಾಮಾನ್ಯವಾಗಿ ಅವರೊಬ್ಬರೇ. ಅಡಿಕೆ ಮಂಡಿಯಲ್ಲಿರುವುದು ಟ್ಯಾಲಿಗೆಂದು ತಂದ ಸಿಸ್ಟಮ್. ಗ್ರಾಮ ಒನ್ ಕೇಂದ್ರದ್ದು ಅರ್ಜಿ ಹಾಕಲು, ಪಹಣಿ ತೆಗೆಯಲು ಸಾಕು. ಹೊಸದುರ್ಗ, ಹಿರಿಯೂರಿನ ಮನೆಗಳಲ್ಲಿ ಮಕ್ಕಳ ಓದಿಗೆಂದು ಬಂದಿರುವ ಪೆಟ್ಟಿಗೆಗಳಲ್ಲಿ ಬಹಳಷ್ಟು ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಮಾಲು. ಐ.ಟಿ. ಕಂಪನಿಗಳು ಕೆಲವು ವರ್ಷ ಬಳಸಿ ಹೊರಗೆ ಹಾಕಿದ, ಒರೆಸಿ ಮತ್ತೆ ಮಾರಾಟಕ್ಕಿಟ್ಟ ಕರಿ ಬಣ್ಣದ ಆಫೀಸ್ ಸಿಸ್ಟಮ್‌ಗಳು ಅವು. ಒಳಗೆ ಇಂಟೆಲ್‌ನ ಮೂರನೆಯ ಅಥವಾ ನಾಲ್ಕನೆಯ ತಲೆಮಾರಿನ ಐ5, ಎಂಟು ಜಿಬಿ ರ್‍ಯಾಮ್, ಹೆಚ್ಚೆಂದರೆ ಆಮೇಲೆ ಸಿಕ್ಕಿಸಿದ ಒಂದು ಸಣ್ಣ ಕಾರ್ಡ್.

ಇಂಥ ಸಿಸ್ಟಮ್ ತೋರಿಸಿ ಹುಡುಗ ಕೇಳುವ ಪ್ರಶ್ನೆ ಒಂದೇ: ‘ಅಣ್ಣಾ, ಇದ್ರಾಗೆ ಜಿಟಿಎ ಫೈವ್ ಓಡ್ತೈತಾ?’ ಅಂಗಡಿಯ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ನಾಲ್ಕು ಜಿಬಿ ಕಾರ್ಡ್ ಹಾಕಿಸ್ಕೊಳಪ್ಪ, ಎಲ್ಲಾ ಓಡ್ತೈತೆ.’

ಈ ಉತ್ತರ ಅರ್ಧ ಸತ್ಯ. ಉಳಿದರ್ಧ ಕಾರ್ಡಿನ ಜಿಬಿಯಲ್ಲಿ ಸಿಗುವುದಿಲ್ಲ. ಆಟಕ್ಕೂ ಕಾರ್ಡಿಗೂ ನಡುವೆ ಕೂತ, ವಿಂಡೋಸ್‌ನದೇ ಅಂಗವಾದ ಒಂದು ಪದರದಲ್ಲಿ ಅದು ಅಡಗಿದೆ. ಆಟಗಾರರು ಅದನ್ನು ಡೈರೆಕ್ಟ್‌ಎಕ್ಸ್ ಎಂಬ ಹೆಸರಿನಿಂದ ಬಲ್ಲರು. ಮನೆಯಲ್ಲಿರುವ ಸಿಸ್ಟಮ್ ಯಾವತ್ತಿನಿಂದ ‘ಹಳೇದು’ ಅನ್ನಿಸಿಕೊಳ್ಳಬೇಕು ಎಂಬುದನ್ನು ಸುಮಾರು ಮೂವತ್ತು ವರ್ಷಗಳಿಂದ ಈ ಪದರ ತೀರ್ಮಾನಿಸುತ್ತಾ ಬಂದಿದೆ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಮಗನಿಗೆ ಕಂಪ್ಯೂಟರ್ ಕೊಡಿಸುವ ಹೊಸದುರ್ಗದ ತಂದೆಗೆ ಈ ಸಂಗತಿಯನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳಬೇಕು ಅನ್ನಿಸಿದ್ದರಿಂದಲೇ ಈ ಬರಹ.

ಈ ಪದರ ಇಲ್ಲದ ಕಾಲವೂ ಒಂದಿತ್ತು. ಶಾಲೆಯ ಲ್ಯಾಬಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಡೇವ್, ಪ್ರಿನ್ಸ್ ಆಡಿದವರಿಗೆ ಡಾಸ್‌ನ ಕಪ್ಪು ಪರದೆ ನೆನಪಿರುತ್ತದೆ. ಅಲ್ಲಿ ಆಟವೇ ಯಜಮಾನ. ವಿಜಿಎ ಕಾರ್ಡಿನ ಮೆಮೊರಿಯೊಳಗೆ ಆಟ ನೇರವಾಗಿ ಕೈ ಹಾಕಿ, 320×200 ಚುಕ್ಕಿಗಳ ಪರದೆಗೆ ತಾನೇ ಬಣ್ಣ ತುಂಬುತ್ತಿತ್ತು. ವೇಗಕ್ಕೆ ಅಡ್ಡಿ ಇರಲಿಲ್ಲ. ಆದರೆ ಮಾರುಕಟ್ಟೆಗೆ ಬಂದ ಪ್ರತಿಯೊಂದು ಕಾರ್ಡಿನ ಗುಣವನ್ನೂ ಆಟ ಬರೆಯುವವರೇ ಕಲಿಯಬೇಕಿತ್ತು. ವಿಂಡೋಸ್ ಬಂದು ಕಾರ್ಡಿನ ಬಾಗಿಲು ಮುಚ್ಚಿತು. ನೇರ ಪ್ರವೇಶವಿಲ್ಲ, ನನ್ನ ಮೂಲಕ ಬಾ ಎಂದಿತು. ಆ ಮಾರ್ಗ ಆಟಕ್ಕೆ ಸಾಲದಷ್ಟು ನಿಧಾನ. 1994ರ ಕ್ರಿಸ್‌ಮಸ್ ಹೊತ್ತಿಗೆ ಡಿಸ್ನಿಯ ‘ಲಯನ್ ಕಿಂಗ್’ ಸಿಡಿ ಅಮೆರಿಕದ ಎಷ್ಟೋ ಮನೆಗಳ ಹೊಸ ಕಾಂಪ್ಯಾಕ್ ಕಂಪ್ಯೂಟರ್‌ಗಳಲ್ಲಿ ಕೈಕೊಟ್ಟಿತು; ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಗೂ ಆ ಯಂತ್ರಗಳ ಡ್ರೈವರ್‌ಗೂ ಹೊಂದಿಕೆ ಆಗಿರಲಿಲ್ಲ. ಮೈಕ್ರೋಸಾಫ್ಟ್‌ನ ಅಲೆಕ್ಸ್ ಸೇಂಟ್ ಜಾನ್, ಕ್ರೇಗ್ ಐಸ್ಲರ್, ಎರಿಕ್ ಎಂಗ್‌ಸ್ಟ್ರಾಮ್ ಸೇರಿ ಕಟ್ಟಿದ ಡೈರೆಕ್ಟ್‌ಎಕ್ಸ್ 1995ರ ಸೆಪ್ಟೆಂಬರಿನಲ್ಲಿ ಹೊರಬಂತು. ಅದರ ಕೆಲಸ ಹೇಳಲು ಸುಲಭ: ಆಟ ಒಂದೇ ಭಾಷೆಯಲ್ಲಿ ಕೇಳಲಿ, ಕಾರ್ಡ್ ಯಾವ ಕಂಪನಿಯದಾದರೂ ಅದರ ಡ್ರೈವರ್ ಉತ್ತರ ಕೊಡಲಿ.

ಚಿತ್ರದುರ್ಗದ ಬಿ.ಡಿ. ರಸ್ತೆಯ ಸೈಬರ್ ಸೆಂಟರ್‌ಗಳಲ್ಲಿ, ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲುಗಳಲ್ಲಿ ಬೆಳೆದ ತಲೆಮಾರಿಗೆ ಈ ಪದರದ ಪರಿಚಯವಾದದ್ದು ಒಂದು ದೋಷ ಸಂದೇಶದ ಮೂಲಕ. ಐಜಿಐ, ವೈಸ್ ಸಿಟಿ, ಮೋಸ್ಟ್ ವಾಂಟೆಡ್, ಇಎ ಕ್ರಿಕೆಟ್ 07 ಮುಂತಾದ ಆಟಗಳು ನಮ್ಮ ಕಡೆ ಹೆಚ್ಚಾಗಿ ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬಂದವು. ಫೋಲ್ಡರ್ ಸಮೇತ ಕಾಪಿ ಮಾಡಿ, ಡಬಲ್ ಕ್ಲಿಕ್ ಒತ್ತಿದರೆ ಎಷ್ಟೋ ಆಟಗಳಲ್ಲಿ ಬರುತ್ತಿದ್ದ ದೂರು ಒಂದೇ ಬಗೆಯದು: ಡಿ3ಡಿಎಕ್ಸ್9 ಎಂದು ಶುರುವಾಗಿ 43ರಂಥ ಒಂದು ಸಂಖ್ಯೆ ಹೊತ್ತ ಡಿಎಲ್‌ಎಲ್ ಕಡತ ಕಾಣೆಯಾಗಿದೆ. ಡೈರೆಕ್ಟ್‌ಎಕ್ಸ್‌ನ ಮುಖ್ಯ ಭಾಗ ವಿಂಡೋಸ್ ಜೊತೆಗೇ ಬರುತ್ತಿತ್ತು. ಆದರೆ ಈ ಸಹಾಯಕ ಕಡತಗಳು ಆಟದ ಸಿಡಿಯಲ್ಲಿ ಇರುತ್ತಿದ್ದವು. ಇನ್‌ಸ್ಟಾಲ್ ಮಾಡುವಾಗ ಅವು ಸಿಸ್ಟಮ್ ಸೇರುತ್ತಿದ್ದವು. ಕಾಪಿ ಮಾಡಿದ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಎಂಬ ಹಂತವೇ ಇಲ್ಲವಲ್ಲ! ಕಾರಣ ಗೊತ್ತಿಲ್ಲದ ಹುಡುಗರು ಆ ಒಂದೇ ಕಡತವನ್ನು ಎಲ್ಲಿಂದಲೋ ಇಳಿಸಿಕೊಂಡು, ಜೊತೆಗೆ ವೈರಸ್ಸನ್ನೂ ಮನೆಗೆ ತರುತ್ತಿದ್ದರು. ಮೈಕ್ರೋಸಾಫ್ಟ್ 2010ರ ಜೂನ್‌ನಲ್ಲಿ ಬಿಟ್ಟ ಡೈರೆಕ್ಟ್‌ಎಕ್ಸ್ ಕಂತೆಯಲ್ಲಿ ಇವೆಲ್ಲ ಒಟ್ಟಿಗೆ ಇವೆ. ಹಳೆಯ ಆಟಗಳಿಗೆ ಇಂದಿಗೂ ಅದೇ ಮದ್ದು.

ಪದರ ಮೊದಲ ಸಲ ಗೋಡೆಯಾದದ್ದು 2007ರಲ್ಲಿ, ವಿಂಡೋಸ್ ವಿಸ್ಟಾ ಬಂದಾಗ. ಗ್ರಾಫಿಕ್ಸ್ ಡ್ರೈವರ್‌ನ ಇಡೀ ಕಟ್ಟಡವನ್ನು ಒಡೆದು ಮತ್ತೆ ಕಟ್ಟಿದ್ದು ಆಗಲೇ. ಡಬ್ಲ್ಯುಡಿಡಿಎಂ ಎಂಬ ಆ ಮಾದರಿ ಇಂದಿನ ವಿಂಡೋಸ್ 11ರಲ್ಲೂ ಮುಂದುವರಿದಿದೆ. ಅದರಿಂದ ಆದ ಉಪಕಾರ ಸಣ್ಣದಲ್ಲ. ಅದಕ್ಕೂ ಹಿಂದಿನ ಎಕ್ಸ್‌ಪಿಯಲ್ಲಿ ಗ್ರಾಫಿಕ್ಸ್ ಡ್ರೈವರ್ ಎಡವಿದರೆ ನೀಲಿ ಪರದೆ ಬಂದು ಇಡೀ ಸಿಸ್ಟಮ್ ಮಲಗುತ್ತಿತ್ತು. ಹೊಸ ಮಾದರಿಯಲ್ಲಿ ಡ್ರೈವರ್‌ನ ಬಹುಭಾಗವನ್ನು ಸಿಸ್ಟಮ್‌ನ ತಿರುಳಿನಿಂದ ಹೊರಗೆ ಸರಿಸಲಾಯಿತು. ಕಾರ್ಡ್ ಎರಡು ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಅದನ್ನು ಎಬ್ಬಿಸಿ ಕೂರಿಸುವ ಏರ್ಪಾಟಾಯಿತು. ಪರದೆ ಒಂದು ಸಲ ಕಪ್ಪಾಗಿ ಮರಳಿ ಬಂದು, ಮೂಲೆಯಲ್ಲಿ ‘ಡಿಸ್‌ಪ್ಲೇ ಡ್ರೈವರ್ ಚೇತರಿಸಿಕೊಂಡಿದೆ’ ಎಂಬ ಸಂದೇಶ ಕಂಡವರೆಲ್ಲ ಈ ಏರ್ಪಾಟಿನ ಫಲಾನುಭವಿಗಳು. ಟ್ಯಾಲಿ ಲೆಕ್ಕವೂ ಮಗನ ಆಟವೂ ಒಂದೇ ಸಿಸ್ಟಮ್‌ನಲ್ಲಿರುವ ಮನೆಗೆ ಇದರ ಬೆಲೆ ಗೊತ್ತು.

ಗೋಡೆಯ ಮಾತಿಗೆ ಬರೋಣ. ಡೈರೆಕ್ಟ್‌ಎಕ್ಸ್ 10 ಎಕ್ಸ್‌ಪಿಗೆ ಬರಲಿಲ್ಲ. 2004ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದಿದ್ದ ‘ಹೇಲೋ 2’ ಎಂಬ ಆಟ 2007ರಲ್ಲಿ ಪಿಸಿಗೆ ಬಂದಾಗ ವಿಸ್ಟಾ ಇದ್ದರೆ ಮಾತ್ರ ಎಂದಿತು. ಆ ಆಟ ಬಳಸಿದ್ದು ಡೈರೆಕ್ಟ್‌ಎಕ್ಸ್ 9ನ್ನು. ಅದು ಎಕ್ಸ್‌ಪಿಯಲ್ಲೂ ಇತ್ತು. ಅಂದರೆ ಯಂತ್ರದ ಕೈಲಾಗದೆ ನಿಂತ ಆಟ ಅದಲ್ಲ. ತಂತ್ರಜ್ಞಾನದ ಅಗತ್ಯ ಬೇರೆ, ಮಾರಾಟದ ಅಗತ್ಯ ಬೇರೆ ಎಂಬುದನ್ನು ಆಟಗಾರರು ಅಂದು ಕಲಿತರು. ಈ ಭೇದ ಮುಂದೆಯೂ ಬೇಕಾಗುತ್ತದೆ.

ನಮ್ಮ ಚಿತ್ರದುರ್ಗ ಜಿಲ್ಲೆಗೆ ವಿಸ್ಟಾ ಬಂದದ್ದು ಬಹಳ ಕಡಿಮೆ. ಎಕ್ಸ್‌ಪಿಯಿಂದ ಜನ ನೇರವಾಗಿ 2009ರ ವಿಂಡೋಸ್ 7ಕ್ಕೆ ಹಾರಿದರು. ವಿಂಡೋಸ್ 7, ಡೈರೆಕ್ಟ್‌ಎಕ್ಸ್ 11 ಜೋಡಿ ಬಹುಕಾಲ ಬಾಳಿತು. ಜಿಟಿಎ 5 ಪಿಸಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಡೈರೆಕ್ಟ್‌ಎಕ್ಸ್ 10ರ ಕಾರ್ಡನ್ನೂ ಅದು ಒಪ್ಪುತ್ತಿತ್ತು. ತಾಲ್ಲೂಕು ಊರುಗಳ ಆಟಗಾರರ ಪಾಲಿಗೆ ಅದು ಸುಭಿಕ್ಷದ ಕಾಲ ಎನ್ನಬೇಕು.

2015ರ ಜುಲೈನಲ್ಲಿ ವಿಂಡೋಸ್ 10 ಜೊತೆಗೆ ಡೈರೆಕ್ಟ್‌ಎಕ್ಸ್ 12 ಬಂತು. ಬದಲಾದದ್ದೇನು? ಹಿರಿಯೂರಿನ ಹೆದ್ದಾರಿ ಹೋಟೆಲ್ ಒಂದನ್ನು ನೆನೆಯಿರಿ. ಮೂರು ಬಸ್ಸು ಒಟ್ಟಿಗೆ ನಿಂತಿವೆ. ಒಬ್ಬನೇ ಸಪ್ಲೈಯರ್ ಒಂದೊಂದು ಟೇಬಲ್ಲಿನಿಂದಲೂ ಓಡಿಬಂದು ‘ಎರಡು ಮಸಾಲೆ’, ‘ಒಂದು ಇಡ್ಲಿ ವಡೆ’ ಎಂದು ಅಡುಗೆಮನೆಗೆ ಕೂಗುತ್ತಿದ್ದರೆ, ಭಟ್ಟರ ಕೈ ಎಷ್ಟು ಚುರುಕಾಗಿದ್ದರೂ ಕಾಯಲೇಬೇಕು. ಡೈರೆಕ್ಟ್‌ಎಕ್ಸ್ 11ರಲ್ಲಿ ಆಟ ಕಾರ್ಡಿಗೆ ಹೇಳುವ ಚಿತ್ರದ ಆಣತಿಗಳು ಬಹುಮಟ್ಟಿಗೆ ಹೀಗೆ ಪ್ರೊಸೆಸರ್‌ನ ಒಂದೇ ಕೋರ್ ಮೂಲಕ ಹೋಗುತ್ತಿದ್ದವು. ಹನ್ನೆರಡರಲ್ಲಿ ನಾಲ್ಕೂ ಕೋರ್‌ಗಳು ನಾಲ್ಕು ಸಪ್ಲೈಯರ್‌ಗಳಂತೆ ಟೇಬಲ್ಲಿನ ಪೂರ್ತಿ ಆರ್ಡರ್ ಚೀಟಿಯಲ್ಲಿ ಬರೆದು ಒಟ್ಟಿಗೆ ಒಳಗೆ ಕೊಡುತ್ತವೆ. ಎಎಂಡಿ 2013ರಲ್ಲಿ ಪ್ರಕಟಿಸಿದ ಮ್ಯಾಂಟಲ್ ಇದೇ ದಾರಿಯಲ್ಲಿತ್ತು. 2016ರಲ್ಲಿ ಬಂದ ವಲ್ಕನ್ ಅದನ್ನು ಲಿನಕ್ಸ್‌ಗೂ ಆಂಡ್ರಾಯ್ಡ್‌ಗೂ ಮುಟ್ಟಿಸಿತು.

ಈ ಬದಲಾವಣೆಯಲ್ಲಿ ಹಳೆಯ ಯಂತ್ರಕ್ಕೆ ನಿಜಕ್ಕೂ ಒಳ್ಳೆಯದಿತ್ತು. ಪ್ರೊಸೆಸರ್ ಸಾಧಾರಣದ್ದಾಗಿ ನಾಲ್ಕು ಕೋರ್ ಇದ್ದರೆ, ಚೆನ್ನಾಗಿ ಬರೆದ ಆಟ ಮೊದಲಿಗಿಂತ ಸರಾಗವಾಗಿ ಓಡಬಲ್ಲದು. ಆದರೆ ಇದುವರೆಗೆ ಡ್ರೈವರ್ ತಾನೇ ಹೊರುತ್ತಿದ್ದ ಎಷ್ಟೋ ಜವಾಬ್ದಾರಿ ಆಟ ಬರೆಯುವವರ ತಲೆಗೆ ಬಂತು. ಅವರು ಸೋತ ಕಡೆ ಆಟಗಾರ ಅನುಭವಿಸುತ್ತಾನೆ. ಅದರ ಕಣ್ಣಿಗೆ ಕಾಣುವ ಲಕ್ಷಣವೇ ಷೇಡರ್ ತೊಡಕು. ಬೆಳಕು, ನೀರು, ಹೊಗೆ ಹೇಗೆ ಕಾಣಬೇಕೆಂದು ಹೇಳುವ ಪುಟ್ಟ ಪ್ರೋಗ್ರಾಮುಗಳೇ ಷೇಡರ್‌ಗಳು. ಅವನ್ನು ನಿಮ್ಮದೇ ಕಾರ್ಡಿನ ಭಾಷೆಗೆ ಇಳಿಸುವ ಕೆಲಸ ನಿಮ್ಮದೇ ಸಿಸ್ಟಮ್‌ನಲ್ಲಿ ಆಗಬೇಕು. ಮೊದಲೇ ಮಾಡಿಟ್ಟುಕೊಳ್ಳದ ಆಟ, ಹೊಸ ದೃಶ್ಯ ಎದುರಾದಾಗಲೆಲ್ಲ ಅರೆಕ್ಷಣ ಸ್ಟಕ್ ಆಗುತ್ತದೆ. ಮೊದಲೇ ಮಾಡಿಕೊಳ್ಳುವ ಆಟ ಶುರುವಿನಲ್ಲೇ ಕಾಯಿಸುತ್ತದೆ. 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದ ‘ದಿ ಲಾಸ್ಟ್ ಆಫ್ ಅಸ್’ ಸಾಧಾರಣ ಸಿಸ್ಟಮ್‌ಗಳಲ್ಲಿ ಗಂಟೆಗಟ್ಟಲೆ ಕಾಯಿಸಿ ಬೈಗುಳ ತಿಂದಿತು. ಡ್ರೈವರ್ ಅಪ್‌ಡೇಟ್ ಮಾಡಿದರೆ ಈ ಕೆಲಸ ಮತ್ತೆ ಮೊದಲಿನಿಂದ. ನಡುವೆ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಸೋತಿದ್ದರೆ ಕಾಯುವ ಹೊತ್ತು ಇನ್ನಷ್ಟು ಬೆಳೆಯುತ್ತದೆ. ಷೇಡರ್‌ಗಳನ್ನು ಮೊದಲೇ ಸಿದ್ಧಪಡಿಸಿ ಆಟದ ಜೊತೆಗೇ ಇಳಿಸಿಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿತು. ಆರಂಭ ಕೈಯಲ್ಲಿ ಹಿಡಿದು ಆಡುವ ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈ ಎಂಬ ಯಂತ್ರದಿಂದ. ಬಗೆಬಗೆಯ ಹಳೆಯ ಕಾರ್ಡುಗಳಿರುವ ನಮ್ಮ ಮನೆಗಳಿಗೆ ಅದು ಬರುವಂತಾದರೆ ಗೇಮಿಂಗ್‌ಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಈಗ ಶೀರ್ಷಿಕೆಯ ವಿಷಯ. ಜಿಟಿ 710, ಜಿಟಿ 730 ಎಂಬ ಅಗ್ಗದ ಕಾರ್ಡುಗಳು ಚಿತ್ರದುರ್ಗದ ಅಂಗಡಿಗಳಲ್ಲಿ ಹಾಸುಹೊಕ್ಕು. ಹೆಚ್ಚುವರಿ ವಿದ್ಯುತ್ ಕೇಬಲ್ ಬೇಡ, ಸಣ್ಣ ಎಸ್‌ಎಂಪಿಎಸ್ ಇರುವ ಆಫೀಸ್ ಪೆಟ್ಟಿಗೆಗೂ ಒಗ್ಗುತ್ತವೆ. ಡಬ್ಬಿಯ ಮೇಲೆ ಡೈರೆಕ್ಟ್‌ಎಕ್ಸ್ 12 ಎಂದು ಅಚ್ಚಾಗಿರುತ್ತದೆ. ಅದು ಸುಳ್ಳಲ್ಲ, ಕಾರ್ಡ್ ಹನ್ನೆರಡರ ಭಾಷೆಯನ್ನು ಅರ್ಥಮಾಡಿಕೊಳ್ಳುತ್ತದೆ. ಆದರೆ ಆ ಭಾಷೆಯಲ್ಲಿ ಕೇಳಿದ್ದೆಲ್ಲವನ್ನೂ ಮಾಡುವ ಸಾಮರ್ಥ್ಯ ಅದರ ಚಿಪ್ಪಿಗೆ ಇಲ್ಲ. ಆ ಸಾಮರ್ಥ್ಯದ ಅಳತೆಯೇ ಫೀಚರ್ ಲೆವೆಲ್. 11_0, 11_1, 12_0, 12_1, 12_2 ಎಂದು ಅದರ ಮೆಟ್ಟಿಲುಗಳು. ಜಿಟಿ 710ರ ಒಳಗಿರುವುದು 2012ರ ಸುಮಾರಿನ ಕೆಪ್ಲರ್ ವಿನ್ಯಾಸ. ಅದು ನಿಂತಿರುವುದು 11_0ರ ಮೆಟ್ಟಿಲ ಮೇಲೆ. 2022ರ ಫೆಬ್ರುವರಿಯಲ್ಲಿ ಬಂದ ‘ಎಲ್ಡನ್ ರಿಂಗ್’ 12_0 ಬೇಕೆನ್ನುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಹನ್ನೆರಡು ಇದ್ದೂ ಆ ಕಾರ್ಡಿಗೆ ಈ ಆಟ ಎಟುಕುವುದಿಲ್ಲ. ಎಷ್ಟು ಜಿಬಿ ಇದ್ದರೂ ಅಷ್ಟೇ. ಡಬ್ಬಿಯ ಮೇಲೆ ಫೀಚರ್ ಲೆವೆಲ್ ಎದ್ದು ಕಾಣುವಂತೆ ಮುದ್ರಿಸಬೇಕೆಂಬ ನಿಯಮವೊಂದು ಇರಬೇಕಿತ್ತು. ಬೇಳೆ ಪೊಟ್ಟಣದ ಮೇಲೆ ತೂಕ ಬರೆಯಲೇಬೇಕಾದ ದೇಶದಲ್ಲಿ ಇದು ದೊಡ್ಡ ಬೇಡಿಕೆಯಲ್ಲ.

ಡ್ರೈವರ್ ಬದಲಾಗಿ ಇದ್ದ ಸಾಮರ್ಥ್ಯವೇ ಕೈಬಿಟ್ಟ ಪ್ರಸಂಗವೂ ಉಂಟು, ಅದೂ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಾಣುವ ನಾಲ್ಕನೆಯ ತಲೆಮಾರಿನ ಇಂಟೆಲ್ ಸಿಸ್ಟಮ್‌ಗಳಲ್ಲೇ. ಆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಮೊದಲು ಡೈರೆಕ್ಟ್‌ಎಕ್ಸ್ 12 ಬೆಂಬಲವಿತ್ತು. ಅದರಲ್ಲಿ ಭದ್ರತೆಯ ಲೋಪವೊಂದು ಕಂಡಿತು. 15.40.44.5107 ಎಂಬ ಸಂಖ್ಯೆಯ ಡ್ರೈವರ್‌ನಿಂದ ಮುಂದೆ ಆ ಬೆಂಬಲವನ್ನೇ ತೆಗೆದಿರುವುದಾಗಿ ಇಂಟೆಲ್ 2021ರಲ್ಲಿ ತಿಳಿಸಿತು. ಹನ್ನೆರಡು ಬೇಕೇಬೇಕು ಎನ್ನುವವರು ಹಳೆಯ ಡ್ರೈವರ್‌ಗೆ ಮರಳಬೇಕು, ಅಂದರೆ ಲೋಪವನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಕು. ಬ್ಯಾಂಕ್ ವ್ಯವಹಾರವೂ ನಡೆಯುವ ಸಿಸ್ಟಮ್ ಆದರೆ ಹಾಗೆ ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಆಟಕ್ಕಾಗಿ ಅಪ್ಪನ ಖಾತೆಯನ್ನು ಅಪಾಯಕ್ಕೆ ಒಡ್ಡುವುದು ತರವಲ್ಲ.

ಆಟಗಳ ಕಡೆಯಿಂದಲೂ ಗಡಿಗಳು ಸರಿದಿವೆ. ಕೌಂಟರ್ ಸ್ಟ್ರೈಕ್ ನಮ್ಮ ಹಾಸ್ಟೆಲುಗಳಲ್ಲಿ ಲ್ಯಾನ್ ಎಳೆದು ಆಡಿದ ಆಟ. ಅದರ ‘ಗೋ’ ಆವೃತ್ತಿ ಡೈರೆಕ್ಟ್‌ಎಕ್ಸ್ 9ರಲ್ಲೇ ಓಡುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ಕೌಂಟರ್ ಸ್ಟ್ರೈಕ್ 2 ಬಂದು, ಡೈರೆಕ್ಟ್‌ಎಕ್ಸ್ 9ರ ಕಾರ್ಡುಗಳೂ 32 ಬಿಟ್ ವಿಂಡೋಸೂ ಹೊರಗುಳಿದವು. ಆಡುತ್ತಿದ್ದ ಆಟವೇ ಎದ್ದು ಹೊಸದರ ಹೆಸರಿನಲ್ಲಿ ಬಾಗಿಲು ಹಾಕಿಕೊಂಡದ್ದು ಆ ಆಟಗಾರರಿಗೆ ನೋವಿನ ಸಂಗತಿ. ಜಿಟಿಎ ತಯಾರಿಸುವ ರಾಕ್‌ಸ್ಟಾರ್ ಬೇರೆ ದಾರಿ ಹಿಡಿಯಿತು. 2025ರ ಮಾರ್ಚ್‌ನಲ್ಲಿ ರೇ ಟ್ರೇಸಿಂಗ್ ಇರುವ ಹೊಸ ಜಿಟಿಎ 5 ಕೊಟ್ಟಾಗ, ಹಳೆಯದನ್ನು ಲೆಗಸಿ ಎಂಬ ಹೆಸರಿನಲ್ಲಿ ಬೇರೆಯಾಗಿಯೇ ಉಳಿಸಿತು. ಹೊಸ ಯಂತ್ರದವರು ಹೊಸದನ್ನು ಆಡಲಿ, ಹಳೆಯ ಯಂತ್ರದವರ ಆಟ ಕಿತ್ತುಕೊಳ್ಳುವುದು ಬೇಡ. ಇದೇ ಸರಿಯಾದ ಮೇಲ್ಪಂಕ್ತಿ.

ರೇ ಟ್ರೇಸಿಂಗ್ ಎಂದರೆ ಬೆಳಕಿನ ಕಿರಣಗಳನ್ನೇ ಲೆಕ್ಕಹಾಕಿ ನೆರಳು, ಪ್ರತಿಬಿಂಬ ಮೂಡಿಸುವ ವಿಧಾನ. ವಿಂಡೋಸ್‌ಗೆ ಅದು 2018ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ಬಂತು. ಮೊದಲು ಬೇಕಾದರೆ ಹಾಕಿಕೊಳ್ಳುವ ಅಲಂಕಾರವಾಗಿದ್ದುದು ಈಗ ಕಡ್ಡಾಯವಾಗುತ್ತಿದೆ. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್, 2025ರ ಮೇ ತಿಂಗಳ ‘ಡೂಮ್: ದಿ ಡಾರ್ಕ್ ಏಜಸ್’ ರೇ ಟ್ರೇಸಿಂಗ್ ಯಂತ್ರಾಂಶ ಇಲ್ಲದ ಕಾರ್ಡಿನಲ್ಲಿ ಓಡುವುದೇ ಇಲ್ಲ. ಹಲವು ವರ್ಷ ನಮ್ಮ ಹುಡುಗರ ಕನಸಿನ ಕಾರ್ಡಾಗಿದ್ದ 1050 ಟಿಐ ಇಲ್ಲಿಗೆ ಹೊರಗೆ ನಿಂತಂತಾಯಿತು.

ಎಲ್ಲಕ್ಕಿಂತ ದೊಡ್ಡ ಗಡಿ ದಾಟಿದ್ದು 2025ರ ಅಕ್ಟೋಬರ್ 14ರಂದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಅಂದಿಗೆ ಮುಗಿಯಿತು. ಮೈಕ್ರೋಸಾಫ್ಟ್ ಖಾತೆ ಹೊಂದಿ ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಬ್ಯಾಕಪ್ ಸಿಂಕ್ ಆನ್ ಮಾಡಿದವರಿಗೆ ಅದು ಉಚಿತ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರು ಅಥವಾ ಮೇಲಿನದು, ಜೊತೆಗೆ ಡೈರೆಕ್ಟ್‌ಎಕ್ಸ್ 12 ಬಲ್ಲ ಗ್ರಾಫಿಕ್ಸ್ ಮತ್ತು ಡಬ್ಲ್ಯುಡಿಡಿಎಂ 2.0 ಡ್ರೈವರ್. ಎಂಟನೆಯ ತಲೆಮಾರು ಬಂದದ್ದು 2017ರಲ್ಲಿ. ಎಸ್.ಪಿ. ರಸ್ತೆಯಿಂದ ಬಂದ ಆ ಆಫೀಸ್ ಪೆಟ್ಟಿಗೆಗಳ ಗತಿ ಇದರಲ್ಲೇ ಗೊತ್ತಾಯಿತು.

‘ಅದಕ್ಕೇನು, ಬೈಪಾಸ್ ಮಾಡಿ ಹನ್ನೊಂದು ಹಾಕ್ಕೊಡ್ತೀನಿ’ ಎನ್ನುವ ಅಂಗಡಿಗಳಿವೆ. ಹಾಕಬಹುದು, ಓಡುತ್ತದೆ. ಆಮೇಲೆ ವ್ಯಾಲರೆಂಟ್ ತೆರೆದರೆ ಬರುವುದು ವ್ಯಾನ್ 9001 ಎಂಬ ದೋಷ. ಮೋಸದ ಆಟ ತಡೆಯಲೆಂದು ಈ ಆಟ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡನ್ನೂ ಕಡ್ಡಾಯ ಮಾಡಿದೆ. ಅದೇ ಸಿಸ್ಟಮ್ ವಿಂಡೋಸ್ 10ರಲ್ಲಿದ್ದಾಗ ಈ ಷರತ್ತಿಲ್ಲದೆ ಆಡುತ್ತಿತ್ತು. ಇಂಟೆಲ್ ಎಚ್‌ಡಿ 4000ದಂಥ ಹಳೆಯ ಗ್ರಾಫಿಕ್ಸ್‌ನಲ್ಲೂ ಓಡುವಂತೆ ಕಟ್ಟಿದ ಆಟ ಅದು. ತಾಲ್ಲೂಕು ಊರುಗಳಲ್ಲಿ ಅದಕ್ಕೆ ಅಷ್ಟು ಜನ ಸಿಕ್ಕಿದ್ದೂ ಅದಕ್ಕೇ. ಚಿತ್ರ ಬಿಡಿಸುವ ಶಕ್ತಿ ಹಾಗೇ ಇದೆ, ಒಳಗೆ ಬಿಡುವ ಚೀಟಿ ಮಾತ್ರ ರದ್ದಾಗಿದೆ. ಮೋಸಗಾರರನ್ನು ತಡೆಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ, ಆದರೆ ಅದರ ಖರ್ಚು ಬಂದು ಬೀಳುವುದು ಪ್ರಾಮಾಣಿಕವಾಗಿ ಆಡುವ ಬಡ ಹುಡುಗನ ಮೇಲೆ. 2025ರ ಅಕ್ಟೋಬರಿನ ಬ್ಯಾಟಲ್‌ಫೀಲ್ಡ್ 6 ಕೂಡ ಸೆಕ್ಯೂರ್ ಬೂಟ್ ಕೇಳುತ್ತದೆ. ಸೆಕ್ಯೂರ್ ಬೂಟ್ ಆನ್ ಮಾಡಲು ಹಾರ್ಡ್ ಡಿಸ್ಕ್ ಹಳೆಯ ಎಂಬಿಆರ್ ಕ್ರಮದಿಂದ ಜಿಪಿಟಿಗೆ ಬದಲಾಗಬೇಕು. ಅಂಗಡಿಯವರು ಸುಲಭಕ್ಕೆಂದು ಫಾರ್ಮ್ಯಾಟ್ ಹೊಡೆಯುತ್ತಾರೆ. ಫಾರ್ಮ್ಯಾಟ್ ಇಲ್ಲದೆ ಬದಲಾಯಿಸುವ ಸಾಧನ ವಿಂಡೋಸ್‌ನಲ್ಲೇ ಇದೆ, ಎಂಬಿಆರ್2ಜಿಪಿಟಿ ಅದರ ಹೆಸರು. ಆದರೂ ಟ್ಯಾಲಿ ಲೆಕ್ಕ, ಮದುವೆ ಫೋಟೊ ಏನಿದ್ದರೂ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿಸಿ, ಆಮೇಲೆ ಸಿಸ್ಟಮ್ ಅಂಗಡಿಗೆ ಕೊಡಿ.

ಹಳೆಯ ಆಟವನ್ನು ಹೊಸ ವಿಂಡೋಸ್ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಬೇರೆಯೇ ಕಥೆ. ಏಜ್ ಆಫ್ ಎಂಪೈರ್ಸ್ 2 ವಿಂಡೋಸ್ 7ರಲ್ಲಿ ಬಣ್ಣಗೆಟ್ಟು ಕಂಡದ್ದು ಹಲವರಿಗೆ ನೆನಪಿರಬಹುದು. 256 ಬಣ್ಣಗಳ ಹಳೆಯ ಏರ್ಪಾಟನ್ನು ಡೆಸ್ಕ್‌ಟಾಪ್ ಕೂಡ ಮುಟ್ಟುತ್ತಿದ್ದುದರಿಂದ ಆದ ಗೊಂದಲ ಅದು. 2000ದ ದಶಕದ ಎಷ್ಟೋ ಅಸಲಿ ಸಿಡಿಗಳು ಸೇಫ್‌ಡಿಸ್ಕ್ ಎಂಬ ಕಾಪಿ ತಡೆ ಹೊಂದಿದ್ದವು. ವಿಂಡೋಸ್ 10 ಭದ್ರತೆಯ ಕಾರಣಕ್ಕೆ ಅದನ್ನು ಕೈಬಿಟ್ಟಿತು, ದುಡ್ಡು ಕೊಟ್ಟು ಕೊಂಡ ಸಿಡಿಯೇ ನಿಂತುಹೋಯಿತು. ಸ್ಯಾನ್ ಆಂಡ್ರಿಯಾಸ್‌ನದು ಇನ್ನೂ ವಿಚಿತ್ರ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಹಾಕಿದವರಿಗೆ ಆ ಆಟದೊಳಗಿನ ಸ್ಕಿಮ್ಮರ್ ಎಂಬ ನೀರಿನ ಮೇಲಿಳಿಯುವ ವಿಮಾನ ಕಾಣೆಯಾಯಿತು. ಹುಡುಕಿದಾಗ ತಪ್ಪು ಆಟದೊಳಗೇ ಸಿಕ್ಕಿತು. ವೈಸ್ ಸಿಟಿಯಲ್ಲಿ ದೋಣಿಯ ಲೆಕ್ಕದಲ್ಲಿದ್ದ ಅದನ್ನು ಸ್ಯಾನ್ ಆಂಡ್ರಿಯಾಸ್‌ನಲ್ಲಿ ವಿಮಾನವಾಗಿಸುವಾಗ ಚಕ್ರದ ಅಳತೆ ಬರೆಯುವುದು ಬಿಟ್ಟುಹೋಗಿತ್ತು. ಮೆಮೊರಿಯಲ್ಲಿ ಹಿಂದಿನ ವಾಹನದ ಅಳತೆ ಅಳಿಯದೆ ಉಳಿದಿರುತ್ತಿದ್ದರಿಂದ ಇಪ್ಪತ್ತು ವರ್ಷ ಅದು ಹಾಗೇ ಸಾಗಿತ್ತು. ಹೊಸ ಅಪ್‌ಡೇಟ್ ಆ ಜಾಗವನ್ನು ಬೇರೆ ಕೆಲಸಕ್ಕೆ ಬಳಸಿದ್ದೇ ತಡ, ವಿಮಾನ ಮಾಯ. ಇದು ಗ್ರಾಫಿಕ್ಸ್ ಪದರದ ತಪ್ಪಲ್ಲ, ನಿಜ. ಆದರೂ ಆಟವೊಂದು ಆಪರೇಟಿಂಗ್ ಸಿಸ್ಟಮ್‌ನ ಎಷ್ಟು ಸೂಕ್ಷ್ಮ ಸ್ಥಿತಿಗಳನ್ನು ನೆಚ್ಚಿಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ.

ಹಾಗಾದರೆ ಹಳೆಯ ಸಿಸ್ಟಮ್ ಇಟ್ಟುಕೊಂಡವರಿಗೆ ಲಿನಕ್ಸ್ ದಾರಿಯೇ? ಭಾಗಶಃ ಹೌದು. ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರ್ ಶುರುಮಾಡಿದ ಡಿಎಕ್ಸ್‌ವಿಕೆ, ಡೈರೆಕ್ಟ್‌ಎಕ್ಸ್ ಮಾತನ್ನು ವಲ್ಕನ್ ಮಾತಿಗೆ ತಿರುಗಿಸುತ್ತದೆ. ಅದನ್ನು ಒಳಗೊಂಡ ಪ್ರೋಟಾನ್ 2018ರ ಆಗಸ್ಟ್‌ನಲ್ಲಿ ಆಟ ಮಾರುವ ತಾಣವಾದ ಸ್ಟೀಮ್‌ಗೆ ಬಂತು. 2022ರ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ನಿಂತಿರುವುದು ಅದರ ಮೇಲೆಯೇ. ಒಬ್ಬ ಆಸಕ್ತ ಬರೆದದ್ದು ಸಾವಿರಾರು ಆಟಗಳನ್ನು ವಿಂಡೋಸ್‌ನ ಹಂಗಿನಿಂದ ಬಿಡಿಸಿತು ಎಂಬುದು ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಬೆಳವಣಿಗೆ. ಕೌಂಟರ್ ಸ್ಟ್ರೈಕ್ 2, ಡೋಟಾ 2 ಲಿನಕ್ಸ್‌ನಲ್ಲಿ ನೇರವಾಗಿಯೇ ಓಡುತ್ತವೆ. ಆದರೆ ವ್ಯಾಲರೆಂಟ್ ಇಲ್ಲ; 2024ರ ಸೆಪ್ಟೆಂಬರಿನಿಂದ ಜಿಟಿಎ ಆನ್‌ಲೈನ್ ಕೂಡ ಇಲ್ಲ. ಡಿಎಕ್ಸ್‌ವಿಕೆಯ ಎರಡನೆಯ ಆವೃತ್ತಿಗೆ ವಲ್ಕನ್ 1.3 ಬೇಕು, ಕೆಪ್ಲರ್ ಕಾರ್ಡುಗಳಲ್ಲಿ ಅದಿಲ್ಲ. ಜಿಟಿ 710 ಇಲ್ಲೂ ಹಿಂದೆ ಉಳಿಯುತ್ತದೆ.

ಈ ಪದರದ ಕೆಲಸ ದೂರದ ಯಾವುದೋ ಊರಿನಲ್ಲಿ ಮಾತ್ರ ನಡೆಯುತ್ತದೆ ಎಂದುಕೊಳ್ಳಬೇಕಿಲ್ಲ. ಇಂಟೆಲ್, ಎನ್‌ವಿಡಿಯಾ, ಎಎಂಡಿ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ಅಲ್ಲೇ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ 2019ರಲ್ಲಿ ರಾಕ್‌ಸ್ಟಾರ್ ಪಾಲಾಯಿತು. ಅನಿಮೇಷನ್, ಗೇಮಿಂಗ್‌ಗೆಂದು 2012ರಲ್ಲೇ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಮೂರನೆಯ ನೀತಿ 2024ರಿಂದ 2029ರವರೆಗಿನದು. ದುರ್ಗದಿಂದ ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು ಇನ್ನೂರು ಕಿಲೋಮೀಟರ್. ಆ ನೀತಿಯ ಒಂದಿಷ್ಟು ಪಾಲು ಇತ್ತ ಹರಿದು, ದುರ್ಗದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕನಿಷ್ಠ 12_2 ಮೆಟ್ಟಿಲಿನ ಹತ್ತು ಕಾರ್ಡುಗಳು ಇದ್ದರೆ, ಷೇಡರ್ ಬರೆಯುವುದನ್ನು ಇಲ್ಲಿನ ಹುಡುಗ ಹುಡುಗಿಯರು ಊರಿನಲ್ಲೇ ಕಲಿಯಬಹುದು. ಗೇಮ್ ಆಡುವ ಆಸೆಯಿಂದ ಡ್ರೈವರ್, ಡಿಎಲ್‌ಎಲ್ ಎಂದು ತಡಕಾಡಿಯೇ ಎಷ್ಟೋ ಜನ ಕಂಪ್ಯೂಟರ್ ಕಲಿತದ್ದು. ಆ ಕಲಿಕೆಗೆ ಬೆಲೆ ಕೊಡಬೇಕು.

ಇನ್ನು ಕೊಳ್ಳುವವರಿಗೆ. ಇರುವ ಸಿಸ್ಟಮ್‌ನಲ್ಲೇ ಆಗುವ ಸುಧಾರಣೆ ಮೊದಲು ನೋಡಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಆಟ ಕೆಲವು ಸಲ ದುರ್ಬಲವಾದುದರ ಮೇಲೆ ಓಡುತ್ತಿರುತ್ತದೆ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಗ್ರಾಫಿಕ್ಸ್ ತೆರೆದು, ಆ ಆಟಕ್ಕೆ ಹೈ ಪರ್ಫಾರ್ಮೆನ್ಸ್ ಆಯ್ದರೆ ಖರ್ಚಿಲ್ಲದೆ ವ್ಯತ್ಯಾಸ ಕಾಣುತ್ತದೆ. ವಿಂಡೋಸ್ 11 ಇದ್ದವರಿಗೆ ಅಲ್ಲೇ ‘ಕಿಟಕಿಯಲ್ಲಿ ಓಡುವ ಆಟಗಳ ಸುಧಾರಣೆ’ ಎಂಬ ಆಯ್ಕೆ ಇದೆ. ಡೈರೆಕ್ಟ್‌ಎಕ್ಸ್ 10 ಮತ್ತು 11ರ ಆಟಗಳಲ್ಲಿ ಮೌಸ್ ಅಲುಗಿಸಿದ್ದಕ್ಕೂ ಪರದೆ ಬದಲಾಗುವುದಕ್ಕೂ ನಡುವಿನ ತಡ ಅದರಿಂದ ಕಡಿಮೆಯಾಗುತ್ತದೆ. ಹಾರ್ಡ್‌ವೇರ್ ಜಿಪಿಯು ಶೆಡ್ಯೂಲಿಂಗ್ ಎಂಬುದರಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ದುಡ್ಡು ಕೊಡುವ ಮುನ್ನ ಕಾರ್ಡನ್ನು ಸಿಕ್ಕಿಸಿ ಆನ್ ಮಾಡಿಸಿ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಡಿ, ಎಕ್ಸ್, ಡಿ, ಐ, ಎ, ಜಿ ಎಂಬ ಆರು ಅಕ್ಷರ ಟೈಪ್ ಮಾಡಿ ಎಂಟರ್ ಕೊಡಿ. ತೆರೆದುಕೊಳ್ಳುವ ಕಿಟಕಿಯ ಡಿಸ್‌ಪ್ಲೇ ಪುಟದಲ್ಲಿ ಫೀಚರ್ ಲೆವೆಲ್ಸ್, ಡ್ರೈವರ್ ಮಾಡೆಲ್ ಎಂಬ ಎರಡು ಸಾಲುಗಳಿವೆ. ಮೊದಲನೆಯ ಸಾಲಿನ ಅತಿ ದೊಡ್ಡ ಸಂಖ್ಯೆ 11_0 ಆಗಿದ್ದರೆ, ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದು ಹಳೆಯ ಆಟಗಳಿಗೆ ಮಾತ್ರ. 12_1 ಇದ್ದರೆ ಇಂದಿನ ಬಹುಪಾಲು ಆಟಗಳು ಕಡಿಮೆ ಸೆಟ್ಟಿಂಗಿನಲ್ಲಾದರೂ ಓಡುತ್ತವೆ. ಇನ್ನೂ ನಾಲ್ಕೈದು ವರ್ಷ ಬಾಳಲಿ ಎನ್ನುವವರು 12_2 ನೋಡಿ ಕೊಳ್ಳಲಿ. 1050 ಟಿಐ ಎಂಬ ಸ್ಟಿಕ್ಕರ್ ಅಂಟಿಸಿದ ನಕಲಿ ಕಾರ್ಡುಗಳೂ ಮಾರುಕಟ್ಟೆಯಲ್ಲಿವೆ; ಒಳಗೆ 2010ರ ಕಾಲದ ಚಿಪ್ಪಿದ್ದು, ಹೆಸರು ಮಾತ್ರ ತಿದ್ದಿರುತ್ತದೆ. ಅಸಲಿ 1050 ಟಿಐ 12_1 ತೋರಿಸಲೇಬೇಕು. ಆ ಸರಣಿಗೆ ಎನ್‌ವಿಡಿಯಾ ಆಟಗಳ ಹೊಸ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರಿಗೆ ನಿಲ್ಲಿಸಿ, ಭದ್ರತೆಯದನ್ನು ಮಾತ್ರ 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಹೇಳಿದೆ. ಬೆಲೆ ಮಾತಾಡುವಾಗ ಇದನ್ನೂ ಎತ್ತಿ. ಆನ್ ಮಾಡಿ ತೋರಿಸಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ, ಎಸ್.ಪಿ. ರಸ್ತೆಯಲ್ಲಿ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.